ಕೆಮ್ಮುವ ಮೇಷ್ಟ್ರು

ಡಾಕ್ಟರ್ ವಿರೂಪಾಕ್ಷಪ್ಪನವರಿಗೆ ಪಾಠ ಮಾಡಲು ಬರುವುದಿಲ್ಲ ಎಂಬ ವಿಷಯದಲ್ಲಿ, ದಾವಣಗೆರೆಯಲ್ಲಿ ಅವರ ಕೈಕೆಳಗೆ ಕಣ್ಣಿನ ಆಪರೇಷನ್ ಕಲಿಯುತ್ತಿದ್ದವರಿಗೆಲ್ಲ ಒಮ್ಮತವಿತ್ತು. ಬೇರೆ ಮೇಷ್ಟ್ರುಗಳು ಬೋರ್ಡಿನ ಮೇಲೆ ಕಣ್ಣು ಬರೆದು, ಗಂಟೆಗಟ್ಟಲೆ ಮಾತಾಡಿ, ಕೇಳುವವರನ್ನು ಹಾಯಾಗಿ ತೂಕಡಿಸಲು ಬಿಡುತ್ತಿದ್ದರು. ಈ ಮಹಾನುಭಾವರು ಬಾಯಿಬಿಟ್ಟರೆ ಒಂದೇ ಪ್ರಶ್ನೆ: "ಈಗ ಏನ್ ಮಾಡ್ತೀಯ?" ಉತ್ತರ ಹೇಳಿದರೆ ಮಾಡಿ ತೋರಿಸು ಅನ್ನುವರು. ಮಾಡಿ ತೋರಿಸಿದರೆ, ಪಕ್ಕದವನಿಗೆ ಕಲಿಸು ಅನ್ನುವರು.

ಮಾಡಿ ತೋರಿಸುವುದು ಆಡಿನ ಕಣ್ಣಿನ ಮೇಲೆ. ಹಣೆ ತುಂಬ ವಿಭೂತಿ ಧರಿಸಿದ ಈ ಮನುಷ್ಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನೇರವಾಗಿ ಕಸಾಯಿ ಅಂಗಡಿಗೆ ಹೋಗಿ, ಟಿಫನ್ ಡಬ್ಬಿಯಲ್ಲಿ ಕಣ್ಣು ತುಂಬಿಸಿಕೊಂಡು ಬರುತ್ತಿದ್ದರು. ತ್ಯಾವಣಿಗೆಯ ಅಡಿಕೆ ವ್ಯಾಪಾರದ ಮನೆಯಿಂದ ಕಲಿಯಲು ಬಂದಿದ್ದ ಕರಿಬಸಮ್ಮ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಮೊದಲ ದಿನ ಊಟದ ಡಬ್ಬಿ ಇರಬೇಕೆಂದು ಮುಚ್ಚಳ ತೆಗೆದು ಹೌಹಾರಿದ್ದಳು. ಆಮೇಲಾಮೇಲೆ ಅದೂ ರೂಢಿಯಾಯಿತು.

ರೂಢಿಯಾಗದೆ ಉಳಿದದ್ದು ಮೇಷ್ಟ್ರ ಕೆಮ್ಮು. ಕಪ್ಪುಗುಡ್ಡೆಯ ಅಂಚಿನಲ್ಲಿ ಸೀಳಬೇಕು. ಸೀಳಿದ ಬಾಯಿಗೆ ಅಡ್ಡವಾಗಿ ರೇಷ್ಮೆ ದಾರ ಪೋಣಿಸಿ ಸಡಿಲವಾಗಿ ಬಿಟ್ಟಿರಬೇಕು. ಆಮೇಲೆ ಆ ಸಂದಿಯಿಂದ ಪೊರೆಯನ್ನು ಇಡಿಯಾಗಿ ಈಚೆ ತರಬೇಕು. ಇನ್ನೇನು ಪೊರೆ ಬಂತು ಅನ್ನುವಾಗ ವಿರೂಪಾಕ್ಷಪ್ಪನವರು ಬೆಕ್ಕಿನ ಹಾಗೆ ಹಿಂದಿನಿಂದ ಬಂದು, ಕಿವಿಯ ಹತ್ತಿರ ಖೊಕ್ ಎಂದು ಕೆಮ್ಮಿ, ಮೇಜಿನ ಕಾಲಿಗೆ ಒದೆಯುತ್ತಿದ್ದರು. ಆ ಕ್ಷಣವೇ ದಾರ ಎಳೆದು ಗಾಯದ ಬಾಯಿ ಮುಚ್ಚದಿದ್ದರೆ ಒಳಗಿನ ಲೋಳೆಯೆಲ್ಲ ಹೊರಗೆ.

"ಕಣ್ಣು ಹೋತು. ಇನ್ನೊಂದು ತಗೋ," ಎಂದು ಮೇಷ್ಟ್ರು ಮುಂದಿನ ಮೇಜಿಗೆ ಹೋಗುತ್ತಿದ್ದರು.

ಇವರಿಗೆ ಕ್ಷಯ ಇರಬೇಕು ಎಂದು ಕರಿಬಸಮ್ಮ ಗೆಳತಿಯರ ಮುಂದೆ ಗೊಣಗುತ್ತಿದ್ದಳು. ದೊಡ್ಡವರನ್ನು ಹಾಗೆಲ್ಲ ಅನ್ನಬಾರದು, ನಿಜ. ಆದರೆ ಬೆಳಗಿನಿಂದ ಬೆವರು ಹರಿಸಿ ಸೀಳಿದ ಕಣ್ಣು ಒಂದು ಸುಳ್ಳು ಕೆಮ್ಮಿಗೆ ಹಾಳಾದರೆ ಎಂಥ ಸಾಧುವಿಗೂ ಬಾಯಿ ಸುಮ್ಮನಿರುವುದಿಲ್ಲ.

ಎಪ್ಪತ್ತೈದರ ಬೇಸಿಗೆಯಲ್ಲಿ ನ್ಯಾಮತಿಯ ಸ್ಕೂಲಿನಲ್ಲಿ ಕಣ್ಣಿನ ಶಿಬಿರ ನಡೆಯಿತು. ಮನುಷ್ಯರ ಕಣ್ಣಿಗೆ ಕರಿಬಸಮ್ಮ ಮೊದಲ ಸಲ ಕೈಹಾಕುವ ದಿನ ಬಂತು. ಅದಕ್ಕೂ ಮೇಷ್ಟ್ರದ್ದೊಂದು ಕಟ್ಟಳೆ ಇತ್ತು: ಇದು ನನ್ನ ಮೊದಲನೆಯ ಆಪರೇಷನ್ ಎಂದು ಕಲಿಯುವವರೇ ರೋಗಿಗೆ ಹೇಳಿ ಒಪ್ಪಿಸಬೇಕು. ಅವಳು ಕೇಳಿದ ಮೊದಲ ಇಬ್ಬರು ಕೈಮುಗಿದು, ದೊಡ್ಡ ಡಾಕ್ಟ್ರೇ ಮಾಡಲಿ ಅಂದರು. ಅವರದ್ದೇನೂ ತಪ್ಪಿಲ್ಲ.

ಆಮೇಲೆ ಸಿಕ್ಕವಳು ಗೋವಿನಕೋವಿಯ ದ್ಯಾಮಮ್ಮ. ಅಡಿಕೆ ಸುಲಿಯುವ ಹೆಂಗಸು. ಎರಡೂ ಕಣ್ಣಿಗೆ ಪೊರೆ ಬಂದು, ಕತ್ತಿ ಬೆರಳಿಗೆ ತಾಗತೊಡಗಿದ ಮೇಲೆ ಸುಲಿಯಲು ಯಾರೂ ಕರೆಯುತ್ತಿರಲಿಲ್ಲ. ಕರಿಬಸಮ್ಮ ನೆಲ ನೋಡುತ್ತ ಹೇಳಿದ್ದನ್ನೆಲ್ಲ ಅವಳು ಪೂರ್ತಿ ಕೇಳಿಸಿಕೊಂಡಳು.

"ನಾನು ಸುಲಿಯಾಕೆ ಕಲಿವಾಗ ಗೌಡ್ರ ಮನೆ ಅಡಿಕೆ ಎಷ್ಟು ಕೆಡಿಸೀನೋ, ನನಗೇ ಗೊತ್ತಿಲ್ಲ. ಗೌಡ್ತಿ ಬೈದ್ರು. ಬೈದು ಮತ್ತೆ ಬುಟ್ಟಿ ಮುಂದಕ್ಕಿಟ್ರು. ಯಾರಾರ ಒಬ್ರು ಕೊಡಬೇಕಲ್ಲ ತಾಯಿ. ಮಾಡು," ಅಂದಳು.

ಎಲೆ ಅಡಿಕೆ ಉಗುಳಿ ಬಾಯಿ ತೊಳೆದುಕೊಂಡು ಬನ್ನಿ ಎಂದು ಎಲ್ಲರಿಗೂ ಹೇಳಲಾಗಿತ್ತು. ದ್ಯಾಮಮ್ಮ ಎಲೆಯನ್ನೇನೋ ಉಗುಳಿದಳು. ಆದರೆ ಆ ಸೀಮೆಯ ಜನಕ್ಕೆ ಊಟ ತಪ್ಪಿದರೂ ನಡೆಯುತ್ತದೆ, ಅಡಿಕೆ ತಪ್ಪಿದರೆ ಜೀವವೇ ನಿಲ್ಲುವುದಿಲ್ಲ. ಧೈರ್ಯಕ್ಕಿರಲಿ ಎಂದು ಒಂದು ಹೋಳನ್ನು ದವಡೆಯಲ್ಲಿ ಅಡಗಿಸಿಕೊಂಡು ಬಂದು ಮಲಗಿದಳು. ಕಣ್ಣೊಂದನ್ನು ಬಿಟ್ಟು ಮುಖದ ಮೇಲೆಲ್ಲ ಬಟ್ಟೆ ಹೊದಿಸಿದ್ದರಿಂದ ಯಾರಿಗೂ ಕಾಣಲಿಲ್ಲ.

ಕಣ್ಣು ಮರಗಟ್ಟುವ ಸೂಜಿ ಹಾಕಿ, ಕರಿಬಸಮ್ಮ ಸೀಳಿದಳು. ದಾರ ಪೋಣಿಸಿದಳು. ಎದುರಿಗೆ ವಿರೂಪಾಕ್ಷಪ್ಪನವರು ತೊಳೆದ ಕೈಗಳನ್ನು ಎದೆಗೆ ಜೋಡಿಸಿಕೊಂಡು ನಿಂತಿದ್ದರು. ಪೊರೆಯ ಅಂಚು ಮೆಲ್ಲಗೆ ಕಾಣಿಸಿಕೊಂಡಿತು.

ಖೊಕ್.

ಥೂ, ಇಲ್ಲೂ ಶುರುಮಾಡಿದರಲ್ಲ ಈ ಮುದುಕಪ್ಪ, ಎಂದುಕೊಂಡಳು ಕರಿಬಸಮ್ಮ. ಅಷ್ಟರಲ್ಲಿ ಅವಳ ಕೈ ತನ್ನಷ್ಟಕ್ಕೆ ದಾರ ಎಳೆದು ಗಾಯ ಮುಚ್ಚಿಯಾಗಿತ್ತು. ಮತ್ತೆ ಕೆಮ್ಮು ಬಂತು. ಈ ಸಲ ಮೇಜೆಲ್ಲ ಅಲ್ಲಾಡಿತು. ಕೆಮ್ಮುತ್ತಿರುವುದು ಮೇಷ್ಟ್ರಲ್ಲ, ದ್ಯಾಮಮ್ಮ ಎಂದು ಅವಳಿಗೆ ಆಗ ಹೊಳೆಯಿತು.

"ಸಾರ್," ಅಂದಳು.

ವಿರೂಪಾಕ್ಷಪ್ಪನವರು ಅಲುಗಲಿಲ್ಲ. ಮುಖಗವುಸಿನ ಮೇಲೆ ಬರೀ ಕಣ್ಣು ಕಾಣುತ್ತಿದ್ದವು. ತುಸು ತಡೆದು, "ಈಗ ಏನ್ ಮಾಡ್ತೀಯ?" ಎಂದು ಕೇಳಿದರು.

ಅವಳಿಗೆ ಅಳು ಬಂತು. ಆದರೆ ಉತ್ತರವೂ ಬಂತು. ದಾರ ಬಿಡದೆ, ಗದ್ದದ ಕಡೆಯ ಬಟ್ಟೆ ಎತ್ತಿ ಬಾಯಿ ನೋಡಲು ನರ್ಸಿಗೆ ಹೇಳಿದಳು. ಗಂಟಲಿಗೆ ಜಾರಿದ್ದ ಅಡಿಕೆ ಹೋಳು ನರ್ಸಿನ ಬೆರಳಿಗೆ ಸಿಕ್ಕಿ ಈಚೆ ಬಂತು.

"ತಪ್ಪಾತು ತಾಯಿ. ಧೈರ್ಯಕ್ಕೆ ಇಟ್ಕಂಡಿದ್ದೆ."

"ಇರ್ಲಿ ದ್ಯಾಮವ್ವ. ಬಾಯಿ ತೆಗೆದು ನಿಧಾನಕ್ಕೆ ಉಸಿರು ಬಿಡ್ರಿ. ನನಗೇನೂ ಅವಸರ ಇಲ್ಲ."

ಉಸಿರು ತಹಬಂದಿಗೆ ಬಂದ ಮೇಲೆ ದಾರ ಸಡಿಲಿಸಿದಳು. ಪೊರೆ ಇಡಿಯಾಗಿ ಬಂತು.

ಮಧ್ಯಾಹ್ನ ಊರವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದುಕೊಟ್ಟರು. ಬಜ್ಜಿ ಅಂದರೆ ಪ್ರಾಣ ಬಿಡುತ್ತಿದ್ದ ಮೇಷ್ಟ್ರು ಅವತ್ತು ತಟ್ಟೆ ಪಕ್ಕಕ್ಕಿಟ್ಟು ಮೊಸರನ್ನ ಉಂಡರು. ಶಹಬ್ಬಾಸ್ ಎಂಬ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಕರಿಬಸಮ್ಮನಿಗೆ ಒಳಗೇ ಕುದಿಯಿತು. ಒಂದು ಬಡಜೀವದ ಕಣ್ಣು ಹೋಗುತ್ತಿದ್ದರೂ ಕೈ ಚಾಚದೆ ಗೊಂಬೆಯ ಹಾಗೆ ನಿಲ್ಲುವುದಕ್ಕೆ ಎಂಥ ಕಲ್ಲೆದೆ ಬೇಕು ಅಂದುಕೊಂಡಳು.

ಪಟ್ಟಿ ಬಿಚ್ಚಿ ಕನ್ನಡಕದ ದಪ್ಪ ಗಾಜು ಕಣ್ಣಿಗೆ ಹಿಡಿದ ದಿನ ದ್ಯಾಮಮ್ಮ ಮೊದಲು ನೋಡಿದ್ದು ತನ್ನ ಬೆರಳುಗಳನ್ನು. ಕತ್ತಿ ತಾಗಿದ ಕಲೆಗಳನ್ನು ಒಂದೊಂದಾಗಿ ಸವರಿ ನಕ್ಕಳು. ಕರಿಬಸಮ್ಮ ಬಗ್ಗಿ ಅವಳ ಕಾಲು ಮುಟ್ಟಿದಳು.

"ಅಯ್ಯೋ, ಕಣ್ಣು ಕೊಟ್ಟೋರು ನೀವು," ಎಂದು ದ್ಯಾಮಮ್ಮ ಕಾಲು ಹಿಂದೆಗೆದಳು.

"ಅಲ್ಲ, ನೀವು ಕೊಟ್ರಿ," ಅಂದಳು ಕರಿಬಸಮ್ಮ.

ಕಾಲ ಉರುಳಿತು. ಚನ್ನಗಿರಿ, ಹೊನ್ನಾಳಿ ಎಂದು ಶಿಬಿರದಿಂದ ಶಿಬಿರಕ್ಕೆ ತಿರುಗಿ ಕರಿಬಸಮ್ಮ ತಾನೇ ಮೇಷ್ಟ್ರಾದಳು. ಅವಳ ಶಿಷ್ಯರು ಅವಳನ್ನು ಬೆನ್ನ ಹಿಂದೆ ಕೆಮ್ಮವ್ವ ಅನ್ನುತ್ತಿದ್ದರು. ಎಂಬತ್ತಾರರಲ್ಲಿ, ಜಗಳೂರಿನ ಶಿಬಿರದಲ್ಲಿ, ತಿಪ್ಪೇಶಪ್ಪ ಎಂಬ ಶಿಷ್ಯನ ಮೊದಲನೆಯ ಆಪರೇಷನ್. ಕಣ್ಣು ಸೀಳಿಯಾಗಿತ್ತು. ಮಲಗಿದ್ದ ಅಜ್ಜಿ ಇದ್ದಕ್ಕಿದ್ದಂತೆ ಬೆಚ್ಚಿ ತಲೆ ಕೊಡವಿದಳು. ಕರಿಬಸಮ್ಮನ ಎರಡು ಕೈಯೂ ಮುಂದಕ್ಕೆ ಹೊರಟವು. ಅವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಎಳಿ, ದಾರ ಎಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಅದನ್ನೂ ತಡೆದಳು. ತಿಪ್ಪೇಶಪ್ಪ ತಾನಾಗಿಯೇ ಎಳೆದ.

"ಈಗ ಏನ್ ಮಾಡ್ತೀಯ?" ಎಂದು ಕೇಳಿದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

ಆ ಅಜ್ಜಿಯ ಕಣ್ಣೂ ಉಳಿಯಿತು. ಮಧ್ಯಾಹ್ನ ಮಂಡಕ್ಕಿ ಬಜ್ಜಿ ಬಂತು. ಒಂದು ತುತ್ತಿಗೇ ಕೆಳತುಟಿ ಬೆಂಕಿಯಾಯಿತು. ಮುಟ್ಟಿಕೊಂಡಳು. ಒಳಗೆ ಹಲ್ಲು ನೆಟ್ಟು ರಕ್ತ ಬಂದಿತ್ತು. ನ್ಯಾಮತಿಯಲ್ಲಿ ಮೇಷ್ಟ್ರು ಪಕ್ಕಕ್ಕಿಟ್ಟ ತಟ್ಟೆ ಆಗ ಅವಳ ಕಣ್ಣ ಮುಂದೆ ಬಂತು. ಅಂದು ಅವರು ಕೈ ಚಾಚಿದ್ದರೆ ದ್ಯಾಮಮ್ಮನ ಕಣ್ಣು ಆಗಲೂ ಉಳಿಯುತ್ತಿತ್ತು, ಕರಿಬಸಮ್ಮನ ಕೈ ಮಾತ್ರ ಜನ್ಮವಿಡೀ ಅವರ ಕೈಗೇ ಕಾಯುತ್ತಿತ್ತು. ಅದಕ್ಕಾಗಿ ಆ ಮನುಷ್ಯ ತನ್ನ ತುಟಿ ತಾನೇ ಕಚ್ಚಿಕೊಂಡು ನಿಂತಿದ್ದರು.

ಸಂಜೆಯ ಬಸ್ಸಿಗೆ ದಾವಣಗೆರೆಗೆ ಹೋದಳು. ರಿಟೈರಾದ ವಿರೂಪಾಕ್ಷಪ್ಪನವರು ಜಗುಲಿಯಲ್ಲಿ ಕೂತಿದ್ದರು. ಅವಳು ಕಾಲು ಮುಟ್ಟಿ ಎದ್ದಾಗ ಊದಿದ ತುಟಿಯನ್ನು ಕಂಡು ಸ್ವಲ್ಪ ಹೊತ್ತು ನೋಡಿದರು.

"ಹುಡುಗ ದಾರ ಎಳೆದ್ನಾ?" ಎಂದು ಕೇಳಿದರು.

"ಎಳೆದ ಸಾರ್."

ಅವರು ಒಳಗೆ ತಿರುಗಿ, "ಮೊಸರನ್ನ ಕಲಸ್ರಿ, ನಮ್ಮ ಕರಿಬಸವ್ವ ಬಂದೈತೆ," ಅಂದರು.