ಪೊರೆಯ ಕೆಳಬದಿ

“ಮೇಡಂ, ಒಂದೂ ದಾಟಿಲ್ರೀ! ಬಂದು ನೋಡ್ರಿ, ಕೆಳಗ ಪೂರಾ ಸ್ವಚ್ಛ ಐತಿ.”

ಮೌನೇಶ ಸೂಕ್ಷ್ಮದರ್ಶಕವನ್ನು ಬಿಟ್ಟು ಎದ್ದ ರಭಸಕ್ಕೆ ಅವನ ಕುರ್ಚಿ ಹಿಂದಕ್ಕುರುಳಿ ಫ್ರಿಜ್ಜಿಗೆ ತಾಗಿತು. ಅನ್ನಪೂರ್ಣ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅವನ ಜಾಗದಲ್ಲಿ ಕುಳಿತರು.

ಪರೀಕ್ಷೆ ಸರಳವಾದದ್ದು. ಬೆರಳ ತುದಿಯಷ್ಟು ಅಗಲದ ಪ್ಲಾಸ್ಟಿಕ್ ಬಟ್ಟಲು. ಅದರ ತಳದಲ್ಲಿ ಸೂಕ್ಷ್ಮ ರಂಧ್ರಗಳ ಪೊರೆ. ಪೊರೆಯ ಮೇಲೆ ದೇಹದ ಅಂಗಾಂಶವನ್ನು ಹೋಲುವ ಜೆಲ್ಲಿನ ಹಾಸು. ಕ್ಯಾನ್ಸರ್ ಕೋಶಗಳನ್ನು ಆಹಾರವಿಲ್ಲದ ದ್ರವದಲ್ಲಿ ಜೆಲ್ಲಿನ ಮೇಲೆ ಬಿಡುತ್ತಾರೆ. ಬಟ್ಟಲಿನ ಕೆಳಗೆ ಸೀರಮ್ ಬೆರೆತ ಪುಷ್ಟಿಯಾದ ದ್ರವ ಕಾದಿರುತ್ತದೆ. ಹಸಿದ ಕೋಶಗಳು ಜೆಲ್ಲನ್ನು ಕತ್ತರಿಸಿ, ರಂಧ್ರದಲ್ಲಿ ನುಸುಳಿ, ಪೊರೆಯ ಕೆಳಬದಿಗೆ ಅಂಟಿಕೊಳ್ಳುತ್ತವೆ. ಮರುದಿನ ಮೇಲ್ಬದಿಯನ್ನು ಹತ್ತಿಯಿಂದ ಒರೆಸಿ, ಕೆಳಗಿಳಿದವಕ್ಕೆ ನೇರಳೆ ಬಣ್ಣ ಕೊಟ್ಟು ನೋಡಬೇಕು.

ಜೆಲ್ಲನ್ನು ಕತ್ತರಿಸುವ ಕಿಣ್ವವನ್ನು ಕಟ್ಟಿಹಾಕುವ ಔಷಧಿಯೊಂದರ ಬೆನ್ನು ಹತ್ತಿ ಅನ್ನಪೂರ್ಣರ ಕೂದಲು ನರೆತಿತ್ತು. ಅದು ಕೋಶಗಳನ್ನು ತಡೆಯುತ್ತದೆಂದು ಶುಕ್ರವಾರ ಅನುದಾನ ಕೊಡುವ ಸಮಿತಿಗೆ ತೋರಿಸಬೇಕು. ಇಲ್ಲವಾದರೆ ಜಯನಗರದ ಈ ಪ್ರಯೋಗಾಲಯ ಮಾರ್ಚಿಗೆ ಮುಚ್ಚುತ್ತದೆ.

ಔಷಧಿ ಹಾಕಿದ ಬಟ್ಟಲು ನಿಜವಾಗಿಯೂ ಸ್ವಚ್ಛವಾಗಿತ್ತು. ಆ ಸ್ವಚ್ಛತೆಯೇ ಅವರಿಗೆ ಹಿಡಿಸಲಿಲ್ಲ. ಎಂಥ ಔಷಧಿಯ ಕಣ್ಣು ತಪ್ಪಿಸಿಯೂ ಒಂದಷ್ಟು ಕೋಶಗಳು ಇಳಿದೇ ಇಳಿಯುತ್ತಿದ್ದವು.

ಪ್ರತಿ ಸಲವೂ ಔಷಧಿ ಹಾಕಿದ ಒಂದು ಬಟ್ಟಲನ್ನು ಒರೆಸದೆ ಉಳಿಸುವುದು ಅವರ ಪದ್ಧತಿ. ಅದನ್ನು ತರಿಸಿ ಮೇಲ್ಬದಿಯನ್ನು ನೋಡಿದರು. ಉಪವಾಸವಿದ್ದು ಸೊರಗಬೇಕಾಗಿದ್ದ ಕೋಶಗಳು ಮೈತುಂಬಿಕೊಂಡಿದ್ದವು. ಕೆಲವಂತೂ ಒಡೆದು ಎರಡಾಗುತ್ತಿದ್ದವು.

“ಮೌನೇಶ, ಔಷಧೀನ ಯಾವುದ್ರಲ್ಲಿ ಬೆರೆಸ್ದೆ?”

“ಮೀಡಿಯಾದಾಗ್ರೀ, ಕೋಶ ಬಿಡೋ ದ್ರವದಾಗ.”

“ಸೀರಮ್ ಇರೋದೋ, ಇಲ್ದೇ ಇರೋದೋ?”

ಅವನು ಫ್ರಿಜ್ಜಿನ ಬಾಗಿಲು ತೆರೆದು, ಬಾಟಲಿಯ ಮೇಲಿನ ಚೀಟಿ ನೋಡಿ, ಬಾಗಿಲನ್ನು ಮೆಲ್ಲಗೆ ಮುಚ್ಚಿದ. “ಇದ್ದದ್ದರಾಗ ಬೆರೆಸೀನ್ರೀ.”

“ಛತ್ರದಲ್ಲಿ ಮಂಟಪದ ಹತ್ರಾನೇ ಎಲೆ ಹಾಕಿ ಬಡಿಸಿಬಿಟ್ರೆ, ಬೇಸ್‌ಮೆಂಟಿನ ಊಟದ ಹಾಲ್‌ಗೆ ಯಾರಪ್ಪಾ ಇಳೀತಾರೆ?”

ಮೌನೇಶನಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಸಂಸ್ಥೆಯ ನಿರ್ದೇಶಕ ಶಶಿಕಾಂತ್ ಬಾಗಿಲಲ್ಲಿ ತಲೆಹಾಕಿದರು. “ಸಖತ್ ರಿಸಲ್ಟ್ ಬಂದಿದೆಯಂತೆ ಮೇಡಂ? ಫೋಟೋ ಕಳಿಸಿಬಿಡಿ, ಸಮಿತಿಗೆ ಈಗಲೇ ಹಾಕ್ತೀನಿ.”

“ಪರೀಕ್ಷೆ ತಪ್ಪಾಗಿದೆ ಸಾರ್. ಮತ್ತೆ ಮಾಡ್ಬೇಕು.”

“ಇವತ್ತು ಮಂಗಳವಾರ ಮೇಡಂ!”

“ಗುರುವಾರಕ್ಕೆ ಗೊತ್ತಾಗುತ್ತೆ.”

ಬುಧವಾರ ಇಬ್ಬರೂ ಕೂಡಿಯೇ ಜೆಲ್ ಹಾಸಿದರು. ಅದರ ಸ್ವಭಾವ ತುಪ್ಪಕ್ಕೆ ತದ್ವಿರುದ್ಧ: ತಣ್ಣಗಿದ್ದರೆ ನೀರು, ಬೆಚ್ಚಗಾದರೆ ಗಟ್ಟಿ. ಎಲ್ಲವನ್ನೂ ಐಸಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಸುರಿದರು. ಈ ಬಾರಿ ಔಷಧಿಯ ಬಟ್ಟಲಿಗೂ ಉಪವಾಸದ ದ್ರವವನ್ನೇ ಹಾಕಿದರು.

ಗುರುವಾರ ಬಣ್ಣ ತೊಳೆದು ಮೊದಲು ನೋಡಿದವನು ಮೌನೇಶ. ಈ ಸಲ ಕುರ್ಚಿ ಅಲುಗಲಿಲ್ಲ.

“ಮುಗೀತ್ರೀ ಮೇಡಂ. ಔಷಧಿ ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ. ಎಲ್ಲಾ ದಾಟ್ಯಾವ.”

ಅನ್ನಪೂರ್ಣ ಎರಡು ಬಟ್ಟಲುಗಳನ್ನೂ ಒಂದಾದ ಮೇಲೊಂದರಂತೆ ನೋಡಿದರು. ಮೌನೇಶ ಹೇಳಿದ್ದು ನಿಜವಾಗಿತ್ತು. ಆದರೂ ಕಣ್ಣು ಕೀಳಲಾಗಲಿಲ್ಲ. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು.

“ಇಲ್ಲಿ ಬಾ. ಔಷಧಿ ಇಲ್ಲದೇ ಇರೋವು ಹೇಗಿವೆ?”

“ಉದ್ದಕ ಅದಾವ್ರೀ, ಕದಿರಿನಂಗ.”

“ಇವು?”

ಅವನು ಬಹಳ ಹೊತ್ತು ನೋಡಿದ. “ದುಂಡಗ ಅದಾವಲ್ರೀ! ರಾಗಿಕಾಳು ಚೆಲ್ಲಿದಂಗ. ಸತ್ತಿರಬೇಕು ಬಿಡ್ರಿ.”

“ಸತ್ತೋವು ಹೊಸಿಲು ದಾಟ್ತಾವೇನೋ?”

ಔಷಧಿ ಕಿಣ್ವವನ್ನು ಕಟ್ಟಿಹಾಕುವುದು ಬೇರೆ ಪರೀಕ್ಷೆಯಲ್ಲಿ ಆಗಲೇ ಖಚಿತವಾಗಿತ್ತು. ಕತ್ತರಿ ಕಸಿದುಕೊಂಡಾಗಿತ್ತು, ಆದರೂ ಕೋಶಗಳು ಈಚೆ ಬಂದಿದ್ದವು.

“ಮತ್ತ ಕತ್ತರಿಸದ ಹೆಂಗ ಬಂದ್ವು ಮೇಡಂ?”

“ನನಗೂ ಗೊತ್ತಿಲ್ಲ ಕಣೋ,” ಎಂದರು ಅನ್ನಪೂರ್ಣ. ಅವರ ದನಿಯಲ್ಲಿ ಬೆಳಗಿನಿಂದ ಇಲ್ಲದ ಚುರುಕಿತ್ತು.

ಮೇಜಿನ ಮೇಲೆ ಫೋನ್ ಅದುರಿತು. ಅವರು ಕಣ್ಣು ಕದಲಿಸದೆ ಕಿವಿಗಿಟ್ಟುಕೊಂಡರು. “ಇಲ್ಲ ಸಾರ್, ತಡೀಲಿಲ್ಲ. ದಾಟಿಬಿಟ್ಟಿವೆ.”

ಆ ಕಡೆಯಿಂದ ಶಶಿಕಾಂತರ ದನಿ: “ಹಾಗಾದ್ರೆ ನಾಳೆ ಸಮಿತಿಗೆ ಏನ್ ತೋರಿಸ್ತೀರಿ ಮೇಡಂ? ಲ್ಯಾಬ್ ಹೋಗುತ್ತೆ.”

“ಹೋಗ್ಬಹುದು. ದಾಟಿರೋದನ್ನೇ ತೋರಿಸ್ತೀನಿ ಸಾರ್.”

ಫೋನಿಟ್ಟು ಅವರು ಸೂಕ್ಷ್ಮದರ್ಶಕದ ಮೇಲೆ ಇನ್ನಷ್ಟು ಬಾಗಿದರು. ಔಷಧಿ ಹಾಕಿದ ಪೊರೆಯ ಅಂಚಿನಲ್ಲಿ, ಬಣ್ಣ ಹಾಕುವ ಮುನ್ನ ದಾಟುತ್ತಿರುವಾಗಲೇ ಸಿಕ್ಕಿಬಿದ್ದ ಕೋಶವೊಂದಿತ್ತು. ಅರ್ಧ ಮೈ ರಂಧ್ರದೊಳಗೇ ಉಳಿದು, ಕತ್ತರಿಸುವ ಬದಲು ಸೊಂಟವನ್ನು ಸಣ್ಣಗೆ ಹಿಸುಕಿಕೊಂಡು, ನೇರಳೆ ಬಣ್ಣದ ದುಂಡನೆಯ ಇನ್ನರ್ಧ ಬೆಳಕಿಗೆ ಬಂದು ನಿಂತಿತ್ತು.