ಅಕ್ಕನ ಮೇಲ್ಮನವಿ

ಶುಭಾಳಿಗೆ ಹಲ್ಲೆಯ ಕೇಸಿನಲ್ಲಿ ಶಿಕ್ಷೆಯಾಯಿತೆಂದರೆ ಅವಳನ್ನು ಬಲ್ಲವರು ಯಾರೂ ಮೊದಲು ನಂಬಲಿಲ್ಲ. ಮಲ್ಪೆಯಲ್ಲಿ ಹುಟ್ಟಿದ ಅವಳು ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟೆಲ್‌ವೀನಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ನೀರಿಗೆ ಹೆದರಿ ಅಳುವ ಮಕ್ಕಳನ್ನೆಲ್ಲ ಅವಳ ಕೈಗೇ ಕೊಡುತ್ತಿದ್ದರು.

ನಡೆದದ್ದು ಇಷ್ಟು. ಅವಳ ತಮ್ಮ ಲತೀಶ್ ಸ್ಲೋಟರ್‌ಡೈಕಿನ ಆಫೀಸೊಂದರಲ್ಲಿ ಕೆಲಸ ಸಿಕ್ಕ ಮೇಲೆ ಅಕ್ಕನ ಮನೆಯಲ್ಲೇ ಇದ್ದ. ಒಳ್ಳೆಯವನು, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ಸಂಜೆ ಕಟ್ಟಡದ ಕೆಳಗೆ ಸೈಕಲ್ ನಿಲ್ಲಿಸುವ ಜಾಗಕ್ಕಾಗಿ ಕೆಳಮನೆಯ ಹೆರ್ಮನ್ ಜೊತೆ ಅವನಿಗೆ ಮಾತಿಗೆ ಮಾತು ಬೆಳೆಯಿತು. ಗಲಾಟೆ ಕೇಳಿ ಶುಭಾ ಓಡಿಬಂದಳು. ಒಂದು ಕೈಯಲ್ಲಿ ತಮ್ಮನ ಕಾಲರ್, ಇನ್ನೊಂದು ಕೈಯಲ್ಲಿ ಹೆರ್ಮನ್‌ನ ತೋಳು ಹಿಡಿದು ಬಿಡಿಸಲು ನೋಡಿದಳು. ಅಷ್ಟರಲ್ಲಿ ಲತೀಶ್ ತಳ್ಳಿಬಿಟ್ಟ. ಹೆರ್ಮನ್ ಬಿದ್ದು ಮಣಿಕಟ್ಟು ಮುರಿದುಕೊಂಡ.

ಪೊಲೀಸರು ಇಬ್ಬರ ಮೇಲೂ ಕೇಸು ಹಾಕಿದರು. ಲತೀಶನ ವಿಚಾರಣೆ ಮೊದಲು ನಡೆಯಿತು. ಅವನು ತಪ್ಪೊಪ್ಪಿಕೊಂಡ. ಅಕ್ಕನೂ ಅಲ್ಲಿದ್ದಳೇ ಎಂದು ಕೇಳಿದಾಗ ತನ್ನ ಹರುಕುಮುರುಕು ಡಚ್ಚಿನಲ್ಲಿ, "ಹೌದು, ನಾವು ಜೊತೆಗಿದ್ದೆವು" ಎಂದ. ನ್ಯಾಯಾಧೀಶರು ತೀರ್ಪಿನಲ್ಲಿ, ಇವನೂ ಇವನ ಅಕ್ಕನೂ ಸೇರಿ ಹಲ್ಲೆ ಮಾಡಿದರೆಂದು ಬರೆದರು. ಕೆಲವು ವಾರಗಳ ನಂತರ ಶುಭಾಳ ಕೇಸೂ ಅದೇ ನ್ಯಾಯಾಧೀಶರ ಮುಂದೆ ಬಂತು. ನಿಜ ಹೇಳಿದರೆ ಸಾಕೆಂದು ಅವಳು ವಕೀಲರಿಲ್ಲದೆ ಹೋಗಿದ್ದಳು. ಅವಳು ಹೇಳಿದ್ದನ್ನೆಲ್ಲ ಅವರು ತಲೆಯಾಡಿಸುತ್ತ ಕೇಳಿ, ಅಪರಾಧ ಸಾಬೀತಾಗಿದೆ ಎಂದರು. ಕೆಲವು ಗಂಟೆಗಳ ಸಮಾಜಸೇವೆಯ ಶಿಕ್ಷೆ. ಶಿಕ್ಷೆ ಸಣ್ಣದೇ. ಆದರೆ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಸರಕಾರದ ನಡತೆ ಪ್ರಮಾಣಪತ್ರ ಬೇಕು, ಅಪರಾಧಿಗೆ ಅದು ಸಿಗುವುದು ಕಷ್ಟ. ಈಜುಕೊಳದವರು ಬೇಸರದಿಂದಲೇ ಅವಳನ್ನು ಮನೆಗೆ ಕಳಿಸಿದರು.

ವಕೀಲೆ ವೈಶಾಲಿಯ ಹೆಸರನ್ನು ಯಾರೋ ಹೇಳಿದರು. ಧಾರವಾಡದ ಮನೆತನ, ಬೆಳೆದದ್ದು ಆಮರ್ಸ್‌ಫೋರ್ಟಿನಲ್ಲಿ. ಕಾನೂನನ್ನು ಡಚ್ಚಿನಲ್ಲಿ ಓದಿದವಳು ಕನ್ನಡವನ್ನು ಮಾತ್ರ ಅಜ್ಜಿಯ ಬಾಯಿಂದ ಕಲಿತಿದ್ದಳು. ಅಕ್ಕ ತಮ್ಮ ಇಬ್ಬರೂ ಅವಳ ಆಫೀಸಿಗೆ ಹೋದರು.

"ಅಮೆರಿಕದ ಸೀರಿಯಲ್‌ನಲ್ಲಿ ವಕೀಲರು ಜ್ಯೂರಿ ಆರಿಸ್ತಾರಲ್ವಾ, ಇವರು ಬೇಡ, ಅವರು ಬೇಡ ಅಂತ," ಲತೀಶ್ ಕೇಳಿದ. "ಇಲ್ಲಿ ಹಾಗೆಂತ ಇಲ್ವಾ?"

"ಇಲ್ಲಿ ಜ್ಯೂರಿನ ಇಲ್ರಿ. ಸಣ್ಣ ಕೇಸಿಗೆ ಒಬ್ಬರ ಜಡ್ಜ್ ಇರ್ತಾರ, ಅವರನ್ನ ನಾವು ಆರಿಸಾಕ ಬರಂಗಿಲ್ಲ," ಎಂದಳು ವೈಶಾಲಿ. "ಆದ್ರ ಕೇಸ್ ಕೇಳೂದಕ್ಕಿಂತ ಮೊದಲ ಅವರ ಮನಸ್ಸು ಗಟ್ಟಿಯಾಗಿತ್ತಂದ್ರ, ಇವರು ಬ್ಯಾಡ ಅನ್ನೂ ಹಕ್ಕು ನಮಗೈತಿ. ಅಕ್ಕಾರ, ನಿಮ್ಮ ಮಾತು ಕೇಳೂ ಮೊದಲ ನಿಮ್ಮನ್ನ ತಪ್ಪಿತಸ್ಥರು ಅಂತ ಬರದಬಿಟ್ಟಾರ ಅವರು."

ಇನ್ನೊಂದು ವಿಷಯವನ್ನೂ ಅವಳು ತೋರಿಸಿದಳು. ಆರೋಪಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು: ಮತ್ತೊಬ್ಬರ ಜೊತೆ ಸೇರಿ ಒಂದು ಅಥವಾ ಹೆಚ್ಚು ಹಿಂಸಾಕೃತ್ಯ ಎಸಗಿದ್ದಾರೆ. ತಳ್ಳಿದಳೋ, ಹೊಡೆದಳೋ, ಎಳೆದಳೋ, ಒಂದೂ ಇಲ್ಲ.

"ಎಂತ ಮಾಡಿದ್ದೇನೆ ಅಂತಲೇ ಹೇಳದಿದ್ರೆ ನಾನು ಎಂತಕ್ಕೆ ಉತ್ತರ ಕೊಡುದು?" ಎಂದಳು ಶುಭಾ.

"ಹೌದ್ರಿ. ಅದನ್ನ ನಾವು ಕೇಳೋಣು. ಆದ್ರ ಒಂದು ಮಾತು ಮೊದಲ ಹೇಳ್ತೀನಿ. ಮೇಲ್ಮನವಿ ಹಾಕಿದ್ರ ಶಿಕ್ಷೆ ಹೆಚ್ಚೂ ಆಗಬಹುದು."

ಮನೆಗೆ ಬರುವಾಗ ಟ್ರಾಮಿನಲ್ಲಿ ಲತೀಶ್ ಮೆಲ್ಲಗೆ ಅಂದ, "ಬೇಡ ಅಕ್ಕ. ಆ ಸೇವೆ ಮುಗಿಸಿಬಿಡು. ಕೆಲಸ ಬೇರೆ ಸಿಕ್ತದೆ. ನನ್ನಿಂದಾಗಿ ನಿನಗೆ ಇನ್ನೂ ಹೆಚ್ಚಾದ್ರೆ?"

"ನೀನು ತಳ್ಳಿದ್ದು ನೀನು ಒಪ್ಪಿಕೊಂಡಿ. ಅದು ಸರಿಯೇ," ಎಂದಳು ಶುಭಾ. "ನಾನು ಮಾಡದ್ದನ್ನು ನಾನು ಒಪ್ಪಿಕೊಳ್ಳುದಿಲ್ಲ ಮಾರಾಯ. ಸುಮ್ಮನೆ ಕೂತ್ಕೊ."

ಮೇಲ್ಮನವಿ ವಿಚಾರಣೆಗೆ ಬರುವಾಗ ಚಳಿಗಾಲ. ಆಮ್ಸ್ಟರ್‌ಡ್ಯಾಮಿನ ನ್ಯಾಯಾಲಯದಲ್ಲಿ ಈ ಸಲ ಮೂವರು ನ್ಯಾಯಾಧೀಶರು ಕೂತಿದ್ದರು. ನಡುವಿನ ನ್ಯಾಯಾಧೀಶೆ ಕಡತ ಮುಂದಿಟ್ಟುಕೊಂಡು ಸರಕಾರಿ ವಕೀಲರನ್ನು ಕೇಳಿದರು, "ಹಿಂಸಾಕೃತ್ಯ ಎಂದಿದ್ದೀರಿ. ಈ ಮಹಿಳೆಯ ಯಾವ ಕೃತ್ಯ?"

"ತಳ್ಳಿದ್ದು. ಅಥವಾ ತೋಳು ಹಿಡಿದು ಎಳೆದದ್ದು."

"ಎರಡರಲ್ಲಿ ಯಾವುದು?"

ಸರಕಾರಿ ವಕೀಲರು ಹಾಳೆ ತಿರುವಿದರು. "ಕಡತವನ್ನು ಒಟ್ಟಾಗಿ ಓದಿದರೆ ತಿಳಿಯುತ್ತದೆ."

"ನಾನು ಒಟ್ಟಾಗಿಯೇ ಓದಿದ್ದೇನೆ," ಎಂದರು ನ್ಯಾಯಾಧೀಶೆ. "ನನಗೆ ತಿಳಿಯಲಿಲ್ಲ."

ಈ ದೇಶದ ನ್ಯಾಯಾಲಯದಲ್ಲಿ ಕೊನೆಯ ಮಾತು ಆರೋಪಿಯದು. ಶುಭಾ ಎದ್ದು ನಿಂತಳು. ಬರೆದು ತಂದದ್ದೆಲ್ಲ ಮರೆತುಹೋಗಿತ್ತು. ಈಜುಕೊಳದಲ್ಲಿ ಮಕ್ಕಳ ಜೊತೆ ಆಡಿ ಆಡಿ ಬಂದ ಡಚ್ಚಿನಲ್ಲೇ ಹೇಳಿದಳು: "ನಾನು ಆತನ ತೋಳು ಹಿಡಿದೆ. ತಮ್ಮನನ್ನೂ ಹಿಡಿದೆ. ಇಬ್ಬರನ್ನೂ ದೂರ ಮಾಡುವುದಕ್ಕೆ. ಅದರ ಬಗ್ಗೆ ಕೇಳಿದರೆ ಹೌದು ಅನ್ನುತ್ತೇನೆ. ಹೋದ ಸಲ ನಾನು ಬರುವ ಮೊದಲೇ ಉತ್ತರ ಸಿದ್ಧವಾಗಿತ್ತು. ಈ ಸಲ ನೀವು ನನ್ನನ್ನು ನೋಡಿ ಕೇಳಿದ್ದೀರಿ. ಅಷ್ಟು ಸಾಕು."

ಹೇಳಿ ಕೂತಳು.

ಎರಡು ವಾರದ ಮೇಲೆ ತೀರ್ಪು ಬಂತು. ಹಿಂದಿನ ನ್ಯಾಯಾಧೀಶರು ಆಗಲೇ ಅಭಿಪ್ರಾಯ ಬರೆದಿದ್ದರಿಂದ ಈ ಕೇಸನ್ನು ಕೇಳಬಾರದಿತ್ತು, ಆ ತೀರ್ಪು ರದ್ದು. ಹೊಸ ನ್ಯಾಯಾಧೀಶರಿಗೆ ಕಳಿಸೋಣವೆಂದರೆ ಆರೋಪಪಟ್ಟಿಯೇ ಅಸ್ಪಷ್ಟ, ಆದ್ದರಿಂದ ಅದೂ ಅಸಿಂಧು.

ಹೊರಗೆ ಬಂದ ಕೂಡಲೇ ಶುಭಾ ಕೇಳಿದಳು, "ಹಾಗಾದ್ರೆ ನಾನು ತಪ್ಪು ಮಾಡಿಲ್ಲ ಅಂತ ಹೇಳಿದ್ರಾ?"

"ಇಲ್ರಿ, ಅಷ್ಟು ಹೇಳಿಲ್ಲ," ವೈಶಾಲಿ ಮುಚ್ಚಿಡಲಿಲ್ಲ. "ಸರಿಯಾಗಿ ಯಾರೂ ಕೇಳಿಲ್ಲ ಅಂತ ಹೇಳ್ಯಾರ. ಸರಕಾರದವರು ಬೇಕಂದ್ರ ಹೊಸದಾಗಿ ಬರದು ಮತ್ತ ಕರೀಬಹುದು."

ಶುಭಾ ಕೋಟಿನ ಗುಂಡಿ ಹಾಕಿಕೊಂಡಳು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. "ಕರೀಲಿ," ಎಂದಳು. "ಸರಿಯಾಗಿ ಬರೆದು ಕರೀಲಿ. ನಾನು ಬರ್ತೇನೆ."

ಅವರು ಕರೆಯಲಿಲ್ಲ. ವಸಂತದ ಹೊತ್ತಿಗೆ ವೈಶಾಲಿ ಫೋನ್ ಮಾಡಿ ಕೇಸು ಕೈಬಿಟ್ಟರೆಂದು ತಿಳಿಸಿದಳು. ಪ್ರಮಾಣಪತ್ರವೂ ಬಂತು. ಈಜುಕೊಳದವರು ಮುಂದಿನ ಸೋಮವಾರದಿಂದಲೇ ಬಾ ಎಂದರು.

ಆ ಶನಿವಾರ ಲತೀಶ್ ಹೇಳದೆ ಕೇಳದೆ ಕೆಳಗಿಳಿದು ಹೋಗಿ ಹೆರ್ಮನ್‌ನ ಬಾಗಿಲು ಬಡಿದ. ಮತ್ತೆ ಜಗಳಕ್ಕೇ ಹೋದನೆಂದು ಶುಭಾ ಹಿಂದೆಯೇ ಓಡಿದಳು. ಮೆಟ್ಟಿಲ ತಿರುವಿನಲ್ಲಿ ತಮ್ಮನ ದನಿ ಕೇಳಿಸಿತು. ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ಶಿಕ್ಷೆಗೆ, ಇದು ನಿಮಗೆ, ಕ್ಷಮಿಸಿ ಎಂದು ಅವನು ಒಂದೊಂದೇ ಡಚ್ ಪದ ಹುಡುಕಿ ಹೇಳುತ್ತಿದ್ದ. ಹೆರ್ಮನ್ ಅವನ ಹಿಂದೆ ನಿಂತ ಶುಭಾಳನ್ನು ಕಂಡು, "ನೀವು ಬಿಡಿಸಲು ಬಂದಿದ್ದಿರಿ ಅಂತ ನನಗೆ ಆಮೇಲೆ ಅನ್ನಿಸಿತ್ತು," ಎಂದ. "ಯಾರೂ ನನ್ನನ್ನು ಮತ್ತೆ ಕೇಳಲಿಲ್ಲ. ನಾನಾಗಿಯೇ ಹೇಳಬೇಕಿತ್ತು."

ಶುಭಾ ಕೈ ಹೇಗಿದೆ ಎಂದು ಕೇಳಿದಳು. ಚಳಿಯಲ್ಲಿ ನೋಯುತ್ತದೆ, ಈಗ ಪರವಾಗಿಲ್ಲ ಎಂದು ಹೆರ್ಮನ್ ಬಾಗಿಲನ್ನು ಪೂರ್ತಿ ತೆರೆದು, ಕಾಫಿ ಕುಡಿಯುತ್ತೀರಾ ಎಂದ. ಲತೀಶ್ ಅಕ್ಕನ ಮುಖ ನೋಡಿದ. ಅವಳು ಚಪ್ಪಲಿ ಬಿಚ್ಚಿ ಮೊದಲು ಒಳಗೆ ಹೋದಳು.