ಕಾರ್ವಿನ್‌ನ ಅಡ್ಡಗಂಟು

ಬಿಷಪ್ ಥೇನ್ ಮಾತು ಶುರುಮಾಡುವ ಮೊದಲೇ ಟಿಶ್ಯೂ ಕಾಗದದ ಡಬ್ಬಿಯನ್ನು ಮೇಜಿನ ಈಚೆ ತುದಿಗೆ ಸರಿಸಿದ. ಆರ್ವಿಲ್ಲಾ ಸ್ಟಾಲಿಂಗ್ಸ್‌ಗೆ ಅಲ್ಲಿಂದಲೇ ಮೈ ಉರಿಯತೊಡಗಿತು. ಇವನು ಹೇಳುವುದು, ತಾನು ಅಳುವುದು, ಇವನು ಸಮಾಧಾನ ಮಾಡುವುದು, ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಂಡು ಕೂತಿದ್ದಾನೆ. ವಾರವಿಡೀ ಟೈರ್ ಅಂಗಡಿ ನಡೆಸುವವನು, ಬುಧವಾರ ಸಂಜೆ ಮತ್ತು ಭಾನುವಾರ ಚರ್ಚಿನ ಸಂಬಳವಿಲ್ಲದ ಬಿಷಪ್. ಎಂಟು ವರ್ಷದವನಿದ್ದಾಗ ಇವನಿಗೆ ನಂಬಿಕೆಯ ಹದಿಮೂರು ಸೂತ್ರಗಳನ್ನು ಬಾಯಿಪಾಠ ಮಾಡಿಸಿದವಳು ಅವಳೇ. ಹನ್ನೊಂದನೆಯದು, ಅಂತಃಸಾಕ್ಷಿಯದ್ದು, ಆಗಲೂ ಇವನ ಬಾಯಿಗೆ ಹತ್ತುತ್ತಿರಲಿಲ್ಲ.

ವಿಷಯ ಕೌದಿಯದು. ಚರ್ಚಿನ ದೊಡ್ಡ ಹಾಲಿನಲ್ಲಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ಮರದ ಚೌಕಟ್ಟಿಗೆ ಬಿಗಿದ ಕೌದಿಯೊಂದು ಅರ್ಧ ಮುಗಿದು ನಿಂತಿತ್ತು. ಅವರ ವಾರ್ಡಿನ, ಎಂದರೆ ಆ ಚರ್ಚಿಗೆ ಸೇರಿದ, ತೊಂಬತ್ತು ಮನೆಗಳಲ್ಲಿ ಯಾರ ಮದುವೆಯಾದರೂ ಹೆಂಗಸರ ಸಂಘದವರು ಸುತ್ತ ಕೂತು, ಪದರಗಳು ಜಾರದಂತೆ ಅಲ್ಲಲ್ಲಿ ಉಲ್ಲನ್ ದಾರದ ಗಂಟು ಹಾಕಿ, ಮೂಲೆಯಲ್ಲಿ ವಾರ್ಡಿನ ಹೆಸರು ಹೊಲಿದು ಒಂದು ಕೌದಿ ಕೊಡುವುದು ವಾಡಿಕೆ. ಇಪ್ಪತ್ತಾರು ವರ್ಷದಿಂದ ಅದಕ್ಕೆ ಬಟ್ಟೆ ಕತ್ತರಿಸುತ್ತಿದ್ದವಳು ಆರ್ವಿಲ್ಲಾ. ನಾಲ್ಕು ವರ್ಷದಿಂದ ಸಂಘದ ಅಧ್ಯಕ್ಷೆಯೂ ಅವಳೇ. ಓಡಿಹೋಗಿ ಮದುವೆಯಾದವರಿಗೂ ಕೌದಿ ಸಿಕ್ಕಿತ್ತು. ಅವಳ ಗೆಳತಿ ವರ್ಲೀನಳ ಎರಡನೇ ಮದುವೆಗೂ ಸಿಕ್ಕಿತ್ತು. ಈ ಸಲದ್ದು ಆರ್ವಿಲ್ಲಾಳ ಸ್ವಂತ ಮಗ ಕಾರ್ವಿನ್‌ಗೆ. ಮುಂದಿನ ವಾರದ ಶನಿವಾರ ನಾಲ್ಕು ಗಂಟೆಗೆ, ಅವಳ ಮನೆಯ ಹಿತ್ತಲಿನಲ್ಲಿ ಅವನು ಮನಾಸೆ ಎಂಬ ಹುಡುಗನನ್ನು ಮದುವೆಯಾಗುವವನಿದ್ದ.

ಎರಡು ಮಂಗಳವಾರ ಹೆಂಗಸರು ಬಂದು ಕೂತು ಗಂಟು ಹಾಕಿದ್ದರು. ಹೆಚ್ಚು ಮಾತಾಡಿರಲಿಲ್ಲ, ಆದರೆ ಕೈಗಳು ನಿಂತಿರಲಿಲ್ಲ. ಅಷ್ಟರಲ್ಲಿ ಯಾರೋ ಪುಣ್ಯಾತ್ಗಿತ್ತಿ ಚರ್ಚಿನ ಮೇಲಿನವರಿಗೆ ಸುದ್ದಿ ಮುಟ್ಟಿಸಿದ್ದಳು. ಮೇಲಿನವರು ಥೇನ್‌ಗೆ ಫೋನ್ ಮಾಡಿದ್ದರು.

"ಸಿಸ್ಟರ್ ಸ್ಟಾಲಿಂಗ್ಸ್, ಕಾರ್ವಿನ್ ಅಂದ್ರೆ ನಮಗೂ ಪ್ರೀತಿನೇ," ಎಂದ ಥೇನ್. "ಆದ್ರೆ ಕೌದಿ ಮೇಲೆ ವಾರ್ಡಿನ ಹೆಸರಿರತ್ತೆ. ನಾವೆಲ್ಲಾ ಒಪ್ಪಿದ ಹಾಗಾಗಿಬಿಡತ್ತೆ."

"ನಿನ್ನ ಚಿಕ್ಕಪ್ಪನ ಮಗ ಮೂರು ಮದುವೆ ಆದ. ಮೂರು ಕೌದಿ ಕೊಟ್ವಿ. ಅವನ ಎರಡು ಡೈವೋರ್ಸಿಗೂ ನಾವು ಒಪ್ಪಿದ ಹಾಗಾಯ್ತೇನೋ?"

ಥೇನ್ ಟೇಬಲ್ಲಿನ ಮೇಲಿದ್ದ ನಿಯಮದ ಪುಸ್ತಕದ ಅಂಚನ್ನು ಸವರಿದ. ತಾಯಿಯಾಗಿ ಮನೆಯಲ್ಲಿ ಅವಳೇನು ಮಾಡಿಕೊಂಡರೂ ತಾನು ಕೇಳುವುದಿಲ್ಲ, ಅಧ್ಯಕ್ಷೆಯಾಗಿ ಚರ್ಚಿನ ಹಾಲಿನಲ್ಲಿ ಮಾಡುವಂತಿಲ್ಲ ಎಂದ. ಕೌದಿಯನ್ನು ಚೌಕಟ್ಟಿನಿಂದ ಇಳಿಸಿದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ ಎಂದ. ಇಳಿಸುವುದಿಲ್ಲ ಎಂದಳು ಅವಳು. ಹಾಗಾದರೆ ಅವಳನ್ನು ಜವಾಬ್ದಾರಿಯಿಂದ ಬಿಡುಗಡೆ ಮಾಡಬೇಕಾಗುತ್ತದೆ, ತುಂಬು ಕೃತಜ್ಞತೆಯೊಂದಿಗೆ, ಎಂದ. ಆರ್ವಿಲ್ಲಾ ಎದ್ದು ಟಿಶ್ಯೂ ಡಬ್ಬಿಯನ್ನು ಅವನ ಕಡೆಗೇ ತಳ್ಳಿ ಹೊರಟಳು.

ಸಾಲ್ಟ್ ಲೇಕ್ ನಗರದಿಂದ ಮಗ ಫೋನ್ ಮಾಡಿದ. ವಿಷಯ ಕೇಳಿ, "ಬಿಟ್ಬಿಡಮ್ಮ ಆ ಚರ್ಚನ್ನ, ಇನ್ನೂ ಯಾಕೆ ಹೋಗ್ತೀಯಾ" ಎಂದ. ಅವಳಿಗೆ ಅವನ ಮೇಲೂ ಕೆಂಡದಂಥ ಕೋಪ ಬಂತು. ಒಬ್ಬರು ಮಗನನ್ನು ದೂರ ಇಡು ಎನ್ನುತ್ತಾರೆ, ಇನ್ನೊಬ್ಬ ದೇವರನ್ನು ಬಿಡು ಎನ್ನುತ್ತಾನೆ. ಎಲ್ಲರಿಗೂ ತಾನು ಏನನ್ನಾದರೂ ಬಿಡಲೇಬೇಕು. ಅವಳ ಮುತ್ತಜ್ಜಿ ಕೈಗಾಡಿ ಎಳೆದುಕೊಂಡು ಸಾವಿರ ಮೈಲಿ ಬಯಲು ದಾಟಿ ಬಂದವಳು, ದಾರಿಯಲ್ಲಿ ಇಬ್ಬರು ಮಕ್ಕಳನ್ನು ಹಿಮದಲ್ಲಿ ಹೂತು ಬಂದವಳು. ಆ ದೇವರೇ ತನ್ನ ದೇವರು. ಈಗಲೂ ಬೆಳಿಗ್ಗೆ ಎದ್ದು ಮೊಣಕಾಲೂರುತ್ತಾಳೆ, ಈಗಲೂ ಆ ಕಡೆಯಿಂದ ಯಾರೋ ಕೇಳಿಸಿಕೊಳ್ಳುತ್ತಾರೆ.

"ಇದು ನನ್ನ ಮನೆ ಕಣೋ," ಎಂದಳು. "ಮನೆಯವರ ಜೊತೆ ಜಗಳ ಆಡ್ತೀನಿ. ಮನೆ ಬಿಟ್ಟು ಹೋಗಲ್ಲ. ನಿನ್ನನ್ನೂ ಬಿಡಲ್ಲ."

ಕಾರ್ವಿನ್ ಆಗ ಮನಾಸೆಯ ಅಜ್ಜಿಯ ಸುದ್ದಿ ಹೇಳಿದ. ಆಕೆ ಟೊಂಗಾ ದ್ವೀಪದವರು, ಇದೇ ಚರ್ಚಿನವರು. ಈ ಮದುವೆಯನ್ನು ಸತ್ತರೂ ನೋಡುವುದಿಲ್ಲ ಎಂದು ಹಠ ಹಿಡಿದಿದ್ದರು. ಆದರೂ ಮರದ ತೊಗಟೆ ಬಡಿದು ಮಾಡಿದ, ಮೂವತ್ತು ಅಡಿ ಉದ್ದದ ಬಣ್ಣದ ಬಟ್ಟೆಯನ್ನು ಕಳಿಸಿಕೊಟ್ಟಿದ್ದರು; ಅವರ ಕಡೆ ಮದುವೆ ಎಂದರೆ ಅದಿಲ್ಲದೆ ಆಗದು. ಒಪ್ಪದ ಮುದುಕಿಯೂ ಮೊಮ್ಮಗನನ್ನು ಬರಿಗೈಯಲ್ಲಿ ನಿಲ್ಲಿಸಲಿಲ್ಲ. ಶನಿವಾರ ಆ ಬಟ್ಟೆಯ ಎದುರಿಗೆ ತನ್ನ ಮಗ, ಈ ಊರಲ್ಲೇ ಹುಟ್ಟಿ ಈ ವಾರ್ಡಿನಲ್ಲೇ ಬೆಳೆದವನು, ಏನೂ ಇಲ್ಲದೆ ನಿಲ್ಲಬೇಕು ಎನ್ನುವುದನ್ನು ಆರ್ವಿಲ್ಲಾಳಿಗೆ ಸಹಿಸಲಾಗಲಿಲ್ಲ.

ಭಾನುವಾರ ಸಭೆಯಲ್ಲಿ ಥೇನ್ ಮಾತಿಗೆ ನಿಂತ. ಸಿಸ್ಟರ್ ಸ್ಟಾಲಿಂಗ್ಸ್ ಅವರನ್ನು ಅಧ್ಯಕ್ಷೆಯ ಹೊಣೆಯಿಂದ ಬಿಡುಗಡೆ ಮಾಡಲಾಗಿದೆ, ಅವರ ಸೇವೆಗೆ ಕೃತಜ್ಞತೆ ತೋರಿಸುವವರು ಕೈ ಎತ್ತಬೇಕು ಎಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿ ಮುಗಿಸಿದ. ನೂರೈವತ್ತು ಬಲಗೈಗಳು ಮೇಲೆದ್ದವು. ಅವುಗಳ ನಡುವೆ ಆರ್ವಿಲ್ಲಾಳದ್ದೂ ಎದ್ದಿತ್ತು. ನಲವತ್ತು ವರ್ಷದ ಅಭ್ಯಾಸ. ಕೈ ಎತ್ತಿ ಎಂದರೆ ಅಲ್ಲಿಯವರ ಕೈ ತಲೆಯನ್ನು ಕೇಳಿ ಏಳುವುದಿಲ್ಲ. ತನ್ನನ್ನು ಕಿತ್ತುಹಾಕಿದ್ದಕ್ಕೆ ತಾನೇ ಧನ್ಯವಾದ ಹೇಳುತ್ತಿದ್ದೇನೆ ಎಂದು ತಿಳಿಯುವಷ್ಟರಲ್ಲಿ ಅದು ಕಿವಿಯ ಮಟ್ಟಕ್ಕೆ ಹೋಗಿ ನಿಂತಿತ್ತು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ತಿರುಗಿ ಅವಳನ್ನೇ ನೋಡಿದಳು. ನಾಚಿಕೆಯಿಂದ ಆರ್ವಿಲ್ಲಾಳ ಕತ್ತಿನ ತನಕ ಬಿಸಿಯೇರಿತು.

ಹೊಸ ಅಧ್ಯಕ್ಷೆ ಎಂದು ಥೇನ್ ಹೆಸರಿಸಿದ್ದು ವರ್ಲೀನಳನ್ನು. ಅದೇ ವರ್ಲೀನ್, ಇಪ್ಪತ್ತು ವರ್ಷದಿಂದ ಚೌಕಟ್ಟಿನ ಎದುರು ಬದಿಯಲ್ಲಿ ಕೂತವಳು. ನಿನ್ನೆ ಸಂಜೆ ಕೌದಿಯನ್ನು ಚೌಕಟ್ಟಿನಿಂದ ಬಿಚ್ಚಿದವಳೂ ಅವಳೇ ಎಂದು ಆರ್ವಿಲ್ಲಾಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಬೆಂಬಲಿಸುವವರು ಕೈ ಎತ್ತಿ ಎಂದಾಗ ಆರ್ವಿಲ್ಲಾ ತನ್ನ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ವಿರೋಧವಿದ್ದವರು ಹಾಗೆಯೇ ತೋರಿಸಬಹುದು ಎಂದು ಥೇನ್ ರೂಢಿಯ ಮಾತು ಸೇರಿಸಿದ. ಆ ಮಾತಿಗೆ ಆ ಊರಲ್ಲಿ ಯಾರೂ ಯಾವತ್ತೂ ಕೈ ಎತ್ತಿದ್ದಿಲ್ಲ. ಆರ್ವಿಲ್ಲಾ ಎತ್ತಿದಳು, ನೆಟ್ಟಗೆ, ಮೊಣಕೈ ಬಗ್ಗಿಸದೆ.

ಥೇನ್ ನೋಡಿದ. ನೋಡಿದ್ದನ್ನು ಅವಳೂ ನೋಡಿದಳು. ಅವನು ಕಣ್ಣು ಕಾಗದಕ್ಕೆ ಇಳಿಸಿ, "ಸರ್ವಾನುಮತ, ಧನ್ಯವಾದಗಳು" ಎಂದ.

ಕಿತ್ತುಹಾಕಿದ್ದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಇದನ್ನು ನುಂಗಲಾಗಲಿಲ್ಲ. ಎದ್ದು ನಿಂತಳು.

"ಬಿಷಪ್," ಎಂದಳು. "ನನ್ನ ಕೈಯನ್ನೂ ಎಣಿಸಿ."

ಮಕ್ಕಳ ಗಲಾಟೆಯೂ ನಿಂತಿತು. ಸಭೆ ಮುಗಿದ ಮೇಲೆ ತನ್ನನ್ನು ಕಾಣಿ ಎಂದು ಥೇನ್ ಗೊಣಗಿದ, ಆರ್ಗನ್ ನುಡಿಸುವವಳು ಗಾಬರಿಯಲ್ಲಿ ತಪ್ಪು ಹಾಡು ಶುರುಮಾಡಿದಳು. ಆರ್ವಿಲ್ಲಾ ಹಾಡು ಮುಗಿಯುವವರೆಗೂ ಕೂರಲಿಲ್ಲ.

ವರ್ಲೀನ್ ಅವಳನ್ನು ಕಾರಿನ ಹತ್ತಿರ ಹಿಡಿದಳು. ಕೈಯಲ್ಲಿ ಕಸ ಹಾಕುವ ಕಪ್ಪು ಚೀಲ, ಅದರೊಳಗೆ ಮಡಿಸಿದ ಕೌದಿ. ಮನೆಯಲ್ಲೇ ಮುಗಿಸಿಕೋ, ಬೇಕಾದರೆ ಹಿಂಬಾಗಿಲಿನಿಂದ ತಾನೂ ಬಂದು ಗಂಟು ಹಾಕಿಕೊಡುತ್ತೇನೆ ಎಂದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವಳದು. ಆರ್ವಿಲ್ಲಾ ಚೀಲ ಬಿಚ್ಚಿ ಮೂಲೆ ನೋಡಿದಳು. ವಾರ್ಡಿನ ಹೆಸರಿದ್ದ ಜಾಗದಲ್ಲಿ ಬರೀ ಸೂಜಿಯ ತೂತುಗಳಿದ್ದವು. ವರ್ಲೀನ್ ಒಂದೊಂದೇ ಹೊಲಿಗೆ ಬಿಚ್ಚಿ ತೆಗೆದಿದ್ದಳು, ಬಟ್ಟೆ ಹರಿಯದಂತೆ, ಎಷ್ಟು ಜೋಪಾನವಾಗಿ!

"ಯಾರಿಗೂ ಗೊತ್ತಾಗಲ್ಲ ಕಣೇ," ಎಂದಳು ವರ್ಲೀನ್.

"ಅದೇ ಕಣೇ ನನ್ನ ಸಂಕಟ," ಎಂದಳು ಆರ್ವಿಲ್ಲಾ. ಚೀಲವನ್ನು ಅಲ್ಲೇ ಬಿಸಾಡಿ, ಕೌದಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಮನುಷ್ಯರನ್ನು ಕೂರಿಸುವ ಹಾಗೆ ಕೂರಿಸಿಕೊಂಡು ಹೊರಟಳು. ಮನೆಗೆ ಹೋಗಲಿಲ್ಲ.

ಬಿಷಪ್ಪನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಹುರಿದ ಮಾಂಸ, ಆಲೂಗಡ್ಡೆ, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ. ಬಾಗಿಲು ತೆರೆದದ್ದು ಥೇನ್‌ನ ಹೆಂಡತಿ ಜನೀಲ್. ಹತ್ತು ವರ್ಷದಿಂದ ಸಂಘದ ಹಿಂದಿನ ಸಾಲಿನಲ್ಲಿ ಕೂತು ಒಂದು ಮಾತೂ ಆಡದ ಹೆಣ್ಣು. ಆರ್ವಿಲ್ಲಾ ಒಳಗೆ ಬಂದು, ಅವರ ಮದುವೆಯ ಕೌದಿ ಎಲ್ಲಿ ಎಂದು ಕೇಳಿದಳು. ಅದು ಸೋಫಾದ ಮೇಲೇ ಇತ್ತು, ಇಪ್ಪತ್ತನಾಲ್ಕು ವರ್ಷ ಒಗೆದು ಒಗೆದು ಮೆತ್ತಗಾಗಿತ್ತು. ಜನೀಲ್ ತಂದುಕೊಟ್ಟಳು. ಆರ್ವಿಲ್ಲಾ ಊಟದ ಮೇಜಿನ ಒಂದು ತುದಿಯ ತಟ್ಟೆಗಳನ್ನು ಸರಿಸಿ ಅದನ್ನು ಹರಡಿದಳು. ಹುಡುಕಬೇಕಾಗಲಿಲ್ಲ.

"ನೋಡು ಥೇನ್. ಎಲ್ಲಾ ಗಂಟೂ ಚಪ್ಪಟೆಯಾಗಿ ಕೂತಿದೆ. ಈ ಹನ್ನೊಂದು ಮಾತ್ರ ಅಡ್ಡ ತಿರುಗಿ ನಿಂತಿದೆ. ಯಾಕೆ ಗೊತ್ತಾ?"

ಅವಳು ಅವುಗಳಲ್ಲೊಂದರ ಮೇಲೆ ಬೆರಳಿಟ್ಟಳು.

"ಕಾರ್ವಿನ್ ಹಾಕಿದ್ದು. ಆಗ ಅವನಿಗೆ ಒಂಬತ್ತು ವರ್ಷ. ಬೇರೆ ಹುಡುಗರು ಬಾಲ್ ಆಡ್ತಿದ್ರೆ ಇವನು ಚೌಕಟ್ಟಿನ ಕೆಳಗೆ ಕೂತು ಸೂಜಿ ಮೇಲಕ್ಕೆ ಕೊಡ್ತಿದ್ದ. ಎಡಗೈಯವನು, ಎಷ್ಟು ಹೇಳಿಕೊಟ್ರೂ ಗಂಟು ಅಡ್ಡ ಬೀಳ್ತಿತ್ತು. ಬಿಚ್ಚಿ ಮತ್ತೆ ಹಾಕೋಣ ಅಂದ್ರೆ, ಬೇಡಮ್ಮ, ಥೇನಣ್ಣನಿಗೆ ನಾನು ಹಾಕಿದ್ದು ಅಂತ ಗೊತ್ತಾಗ್ಲಿ ಅಂದ."

ಇದನ್ನು ಹೇಳುವಾಗ ಅವಳ ದನಿ ಒಡೆಯಿತು. ಒಡೆದದ್ದಕ್ಕೆ ಇನ್ನಷ್ಟು ಸಿಟ್ಟು ಬಂದು, ಕೈಚೀಲದಿಂದ ಕತ್ತರಿ ತೆಗೆದು ಮೇಜಿನ ಮೇಲೆ ಬಡಿದಿಟ್ಟಳು. ಪಕ್ಕದಲ್ಲಿ ಹೊಸ ಕೌದಿಯನ್ನು ಇಟ್ಟಳು. ಉಲ್ಲನ್ ದಾರ ಪೋಣಿಸಿದ ಸೂಜಿ ಮಂಗಳವಾರ ನಿಲ್ಲಿಸಿದಲ್ಲೇ ಚುಚ್ಚಿಕೊಂಡಿತ್ತು.

"ಒಂದೋ ಅವನು ಹಾಕಿದ ಗಂಟನ್ನ ನಿನ್ನ ಕೌದಿಯಿಂದ ಕತ್ತರಿಸಿ ತೆಗಿ. ಇಲ್ಲಾ ಅವನ ಕೌದಿಗೆ ನೀನೊಂದು ಗಂಟು ಹಾಕು. ಮದುವೆ ಒಪ್ಕೋ ಅಂತ ನಾನು ಕೇಳ್ತಾ ಇಲ್ಲ. ಅವನು ನಮ್ಮವನು ಹೌದೋ ಅಲ್ವೋ, ಅಷ್ಟು ಹೇಳು."

"ಸಿಸ್ಟರ್, ಇವತ್ತು ಭಾನುವಾರ," ಎಂದ ಥೇನ್. ಅವರಲ್ಲಿ ಭಾನುವಾರ ಸೂಜಿ ಮುಟ್ಟುವುದಿಲ್ಲ.

"ಹೌದಾ? ಎತ್ತು ಹಳ್ಳಕ್ಕೆ ಬಿದ್ರೆ ಸೋಮವಾರದ ತನಕ ಕಾಯ್ತೀಯಾ? ಭಾನುವಾರ ನನ್ನನ್ನ ಇಳಿಸಬಹುದು, ಭಾನುವಾರ ಎತ್ತಿದ ಕೈಯನ್ನ ಇಲ್ಲ ಅನ್ನಬಹುದು, ಗಂಟು ಹಾಕಿದ್ರೆ ಮಾತ್ರ ಪಾಪ."

ಥೇನ್ ಕತ್ತರಿಯನ್ನು ಕೈಗೆತ್ತಿಕೊಂಡ. ಆ ಅಡ್ಡ ಗಂಟುಗಳನ್ನೇ ನೋಡುತ್ತಾ ನಿಂತ. ಅವನ ಮುಖ ಬಾಯಿಪಾಠ ಮರೆತ ಎಂಟು ವರ್ಷದ ಹುಡುಗನದ್ದಾಯಿತು. ಅವಳಿಗೆ ಒಂದು ಕ್ಷಣ ಪಾಪ ಎನಿಸಿತು, ಒಂದೇ ಕ್ಷಣ. ಅವನು ಕತ್ತರಿಯನ್ನು ಕೆಳಗಿಟ್ಟ. ಸೂಜಿಯನ್ನೂ ಮುಟ್ಟಲಿಲ್ಲ. ಅವಳಿಗಾಗಿ ಪ್ರಾರ್ಥಿಸುತ್ತೇನೆ ಎಂದ.

ಆಗ ಜನೀಲ್ ಬಂದು ಕತ್ತರಿಯನ್ನು ತೆಗೆದುಕೊಂಡಳು. ಜನೀಲ್ ಹಳೆಯ ಕೌದಿಯ ಮೇಲೆ ಬಾಗಿ ಆ ಗಂಟುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಹೊಸದನ್ನು ಮಡಿಲಿಗೆ ಎಳೆದುಕೊಂಡು ಕೂತು, ಸೂಜಿ ಕಿತ್ತು, ಕೆಳಗಿನಿಂದ ಮೇಲಕ್ಕೆ ಕೊಟ್ಟು, ಗಂಟು ಹಾಕಿ ಬಿಗಿದು, ದಾರದ ತುದಿಗಳನ್ನು ಕತ್ತರಿಯಿಂದ ಸಮ ಮಾಡಿದಳು. "ಜನೀಲ್" ಎಂದ ಥೇನ್, ಮೆಲ್ಲಗೆ. ಅವಳು ಅವನ ಕಡೆ ನೋಡದೆ ಎರಡನೆಯದನ್ನು ಶುರುಮಾಡಿದಳು.

"ಶನಿವಾರ ಎಷ್ಟು ಗಂಟೆಗೆ?" ಎಂದು ಕೇಳಿದಳು.

"ನಾಲ್ಕಕ್ಕೆ," ಎಂದಳು ಆರ್ವಿಲ್ಲಾ.

ಥ್ಯಾಂಕ್ಸ್ ಹೇಳಲಿಲ್ಲ. ಇಬ್ಬರಲ್ಲಿ ಒಬ್ಬಳು ಹಾಕಿದಳೆಂದು ಸಿಟ್ಟು ಅರ್ಧಕ್ಕೆ ಇಳಿಯುವಂಥದ್ದಲ್ಲ. ಎರಡನೇ ಗಂಟು ಮುಗಿಯುವವರೆಗೆ ನಿಂತಿದ್ದು, ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು, ಕತ್ತರಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಳು. ಇನ್ನೂ ಅರವತ್ತು ಗಂಟು ಬಾಕಿ ಇತ್ತು, ಊಟದ ಹೊತ್ತಾದ್ದರಿಂದ ಎಲ್ಲರೂ ಮನೆಯಲ್ಲೇ ಇದ್ದರು. ಪಕ್ಕದ ಮನೆ ವರ್ಲೀನಳದು. ಅವಳ ಎರಡನೇ ಮದುವೆಯ ಕೌದಿಯಲ್ಲಿ ಕಾರ್ವಿನ್ ಹಾಕಿದ ಗಂಟು ಹದಿನೇಳು. ಆರ್ವಿಲ್ಲಾ ಹಿಂಬಾಗಿಲಿಗೆ ಹೋಗಲಿಲ್ಲ, ಬೀದಿಯ ಕಡೆಯ ಬಾಗಿಲನ್ನೇ ಬಡಿದಳು.